ಸಂಜೆ ಆದ್ರೆ ಡಿಎಸ್‌ಎಲ್ ಸ್ಪೀಡ್ ಬೀಳ್ತಿದ್ಯಾ? ರೀಬೂಟ್ ಒತ್ತೋ ಮುಂಚೆ ಈ ನಂಬರ್‌ಗಳನ್ನ ನೋಡಿ

ಮೊದಲೇ ಹೇಳ್ಬಿಡ್ತೀನಿ, ಈಗ ಎದ್ದು ಹೋಗಿ ಮೋಡೆಮ್ ಸ್ವಿಚ್ ಆಫ್ ಮಾಡ್ಬೇಡಿ. ಸ್ಪೀಡ್ ಕಮ್ಮಿ ಅಂದ ತಕ್ಷಣ ಎಲ್ಲರ ಕೈಯೂ ಅಲ್ಲಿಗೇ ಹೋಗತ್ತೆ, ನನ್ನ ಕೈಯೂ ಹೋಗ್ತಿತ್ತು, ಹೆಚ್ಚೂಕಮ್ಮಿ ಎರಡು ತಿಂಗಳು ದಿನಾ ಸಂಜೆ ಆಫ್ ಆನ್ ಆಫ್ ಆನ್ ಮಾಡಿ ಮಾಡಿ ಇದ್ದ ಸ್ಪೀಡನ್ನೂ ಕಳ್ಕೊಂಡೆ. ಡಿಎಸ್‌ಎಲ್ ಅಂದ್ರೆ ಟೆಲಿಫೋನ್ ತಂತಿ ಮೇಲೆ ಬರೋ ಇಂಟರ್ನೆಟ್. ಅದರ ರೇಟ್ ಅಡಾಪ್ಟಿವ್ ಲೈನ್‌ನಲ್ಲಿ (ತಂತಿ ಸ್ಥಿತಿ ನೋಡಿ ಸ್ಪೀಡ್ ಹೊಂದಿಸ್ಕೊಳೋ ಲೈನ್) ನೀವು ಯಾವ ಹೊತ್ತಲ್ಲಿ ರೀಬೂಟ್ ಮಾಡ್ತೀರೋ ಆ ಹೊತ್ತಿನ ಗಲಾಟೆ, ಅಂದ್ರೆ ಸಿಗ್ನಲ್ಲಿಗೆ ಅಡ್ಡ ಬರೋ ನಾಯ್ಸ್, ನೋಡ್ಕೊಂಡೇ ಮೋಡೆಮ್ ತನ್ನ ಸ್ಪೀಡ್ ಗೊತ್ತು ಮಾಡ್ಕೊಳತ್ತೆ, ಆಮೇಲೆ ಲೈನ್ ಎಷ್ಟೇ ಚೆನ್ನಾದ್ರೂ ಹೆಚ್ಚಿನ ಕಡೆ ಅದೇ ಸ್ಪೀಡಲ್ಲಿ ಕೂತಿರತ್ತೆ. ಕೆಟ್ಟ ಹೊತ್ತಲ್ಲಿ ರೀಬೂಟ್ ಮಾಡಿದ್ರೆ ಕೆಟ್ಟ ಸ್ಪೀಡೇ ಗಟ್ಟಿ.

ಇದು ಯಾಕೆ ಹೀಗೆ ಅಂತ ತಿಳ್ಕೊಂಡ್ರೆ ಅರ್ಧ ದೋಷ ಅಲ್ಲೇ ಸಿಕ್ಕಿಬಿಡತ್ತೆ, ಅದಕ್ಕೆ ಸ್ವಲ್ಪ ಹಿಂದಿಂದ ಹೇಳ್ತೀನಿ.

ಮುಂಚೆ ಡಿಎಸ್‌ಎಲ್ ಫಿಕ್ಸೆಡ್ ರೇಟಲ್ಲಿ ಬರ್ತಿತ್ತು. ನೀವು 2 ಎಂಬಿಪಿಎಸ್ ಪ್ಲಾನ್ ತಗೊಂಡ್ರೆ ಎಕ್ಸ್‌ಚೇಂಜಿನ ಡಿಸ್‌ಲ್ಯಾಮ್ (ಎಲ್ಲರ ಡಿಎಸ್‌ಎಲ್ ತಂತಿ ಬಂದು ಸೇರೋ ಯಂತ್ರ) ನಿಮ್ಮ ಪೋರ್ಟಿಗೆ 2 ಅಂತ ಬೀಗ ಹಾಕಿರೋದು, ನಿಮ್ಮ ತಾಮ್ರದ ಜೋಡಿ ತಂತಿಗೆ 7 ಎಳೆಯೋ ತಾಕತ್ತಿದ್ರೂ 2 ಮಾತ್ರ. ಮಿಕ್ಕಿದ ತಾಕತ್ತೆಲ್ಲ ನಾಯ್ಸ್ ಮಾರ್ಜಿನ್ ಆಗಿ ಉಳಿಯೋದು, ಅಂದ್ರೆ ಇನ್ನೂ ಎಷ್ಟು ಗಲಾಟೆ ಏರಿದ್ರೂ ಲೈನ್ ತಡ್ಕೊಳತ್ತೆ ಅನ್ನೋ ಉಳಿತಾಯ, ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ, 18 ಡಿಬಿ, 20 ಡಿಬಿ, ಯಾರ ಮನೇಲಿ ಯಾವ ಮಿಕ್ಸಿ ತಿರುಗಿದ್ರೂ ಲೈನ್ ಕ್ಯಾರೇ ಅಂತಿರ್ಲಿಲ್ಲ. ರೇಟ್ ಅಡಾಪ್ಟಿವ್ ಬಂದ್ಮೇಲೆ ಆ ಉಳಿತಾಯನೆಲ್ಲ ಸ್ಪೀಡಾಗಿ ಖರ್ಚು ಮಾಡೋಕೆ ಶುರು ಮಾಡಿದ್ರು. ಬ್ರಿಟನ್ನಲ್ಲಿ ಬಿಟಿ ಕಂಪನಿ 2006ರ ಮಾರ್ಚ್ 31ಕ್ಕೆ ಎಡಿಎಸ್‌ಎಲ್ ಮ್ಯಾಕ್ಸ್ ಅಂತ ಬಿಟ್ಟಿದ್ದು ಇದನ್ನೇ, 8 ಎಂಬಿಪಿಎಸ್ ತನಕ ನಿಮ್ಮ ಲೈನ್ ಎಷ್ಟು ಎಳೆಯತ್ತೋ ಅಷ್ಟು. ಈಗ ಮೋಡೆಮ್ ಸಾಮಾನ್ಯವಾಗಿ 6 ಡಿಬಿ ಮಾತ್ರ ಕೈಯಲ್ಲಿ ಇಟ್ಕೊಂಡು ಮಿಕ್ಕಿದ್ದಷ್ಟನ್ನೂ ಸ್ಪೀಡಿಗೆ ಸುರಿಯತ್ತೆ. ಸ್ಪೀಡ್ ಜಾಸ್ತಿ ಆಯ್ತು ಸರಿ, ಆದ್ರೆ ಲೈನ್ ಯಾವಾಗಲೂ ಅಂಚಿನಲ್ಲೇ ನಿಂತಿರತ್ತೆ, ಮುಂಚೆ ಗೊತ್ತೇ ಆಗದಿದ್ದ ಸಣ್ಣಪುಟ್ಟ ದೋಷ ಎಲ್ಲ ಈಗ ಎದ್ದು ಕಾಣ್ಸತ್ತೆ. "ಹಳೇ ಕನೆಕ್ಷನ್ನೇ ಚೆನ್ನಾಗಿತ್ತು" ಅಂತ ಹೇಳೋರ ಮಾತಲ್ಲಿ ಸ್ವಲ್ಪ ಸತ್ಯ ಇದೆ.

ಒಳಗಿನ ಲೆಕ್ಕ ಏನು ಅಂದ್ರೆ, ಎಡಿಎಸ್‌ಎಲ್ ಆ ತಂತೀನ 4.3125 ಕಿಲೋಹರ್ಟ್ಸ್ ಅಗಲದ ಸಣ್ಣ ಸಣ್ಣ ಓಣಿಗಳಾಗಿ ಹಂಚ್ಕೊಳತ್ತೆ, ಅದಕ್ಕೆ ಟೋನ್ ಅಂತಾರೆ. ಮೊದಲ ಎಡಿಎಸ್‌ಎಲ್‌ನಲ್ಲಿ 256 ಟೋನ್, 1.1 ಮೆಗಾಹರ್ಟ್ಸ್ ತನಕ, ಎಡಿಎಸ್‌ಎಲ್2 ಪ್ಲಸ್ಸಲ್ಲಿ 512 ಟೋನ್, 2.2 ಮೆಗಾಹರ್ಟ್ಸ್ ತನಕ. ಕನೆಕ್ಟ್ ಆಗೋವಾಗ ಒಂದೊಂದು ಟೋನ್‌ನಲ್ಲೂ ಸಿಗ್ನಲ್ ಎಷ್ಟಿದೆ ಗಲಾಟೆ ಎಷ್ಟಿದೆ ಅಂತ ಅಳೆದು ಇದರಲ್ಲಿ 10 ಬಿಟ್, ಇದರಲ್ಲಿ 4, ಇದರಲ್ಲಿ ಸೊನ್ನೆ ಅಂತ ತುಂಬ್ತಾ ಹೋಗತ್ತೆ, ಒಂದು ಟೋನ್‌ಗೆ ಜಾಸ್ತಿ ಅಂದ್ರೆ 15. ಸೆಕೆಂಡಿಗೆ 4000 ಸಲ ಕಳಿಸೋದ್ರಿಂದ ಒಂದು ಟೋನ್‌ನಲ್ಲಿ ಒಂದು ಬಿಟ್ ಅಂದ್ರೆ 4 ಕೆಬಿಪಿಎಸ್. ಇನ್ನೊಂದು ಬಿಟ್ ಜಾಸ್ತಿ ತುರುಕ್ಬೇಕು ಅಂದ್ರೆ ಸುಮಾರು 3 ಡಿಬಿ ಬೇಕು. ಈ 3 ಡಿಬಿ ನೆನಪಿಟ್ಕೊಳಿ, ಮುಂದೆ ಪದೇ ಪದೇ ಬೇಕಾಗತ್ತೆ.

ಕನೆಕ್ಟ್ ಆದ್ಮೇಲೆ ಬಿಟ್ ಸ್ವಾಪ್ ಅಂತ ಒಂದು ನಡೀತಿರತ್ತೆ, ಒಂದು ಟೋನ್ ಕೆಟ್ರೆ ಅಲ್ಲಿನ ಬಿಟ್ ತೆಗೆದು ಪಕ್ಕದ ಚೆನ್ನಾಗಿರೋ ಟೋನ್‌ಗೆ ಹಾಕೋದು, ಆದ್ರೆ ಒಟ್ಟು ಸ್ಪೀಡ್ ಬದಲಾಗಲ್ಲ. ಕನೆಕ್ಷನ್ ಬೀಳದೆ ಸ್ಪೀಡೇ ಮೇಲೆ ಕೆಳಗೆ ಆಗೋ ವ್ಯವಸ್ಥೆ ಎಡಿಎಸ್‌ಎಲ್2 ಇಂದ ಇದೆ, ಎಸ್‌ಆರ್‌ಎ ಅಂತಾರೆ, ಆದ್ರೆ ಅದನ್ನ ಎಕ್ಸ್‌ಚೇಂಜ್ ಕಡೆ ಆನ್ ಮಾಡಿರ್ಬೇಕು, ನಿಮ್ಮ ಮೋಡೆಮ್ ಸೆಟ್ಟಿಂಗಲ್ಲಿ ಟಿಕ್ ಮಾಡಿದ್ರೆ ಮಾತ್ರ ಸಾಲ್ದು. ಅದು ಇಲ್ದೇ ಇದ್ರೆ ಕತೆ ಸಿಂಪಲ್, ಮಾರ್ಜಿನ್ ತಡ್ಕೊಳೋ ತನಕ ಅದೇ ಸ್ಪೀಡ್, ತಡೀಲಿಲ್ಲ ಅಂದ್ರೆ ಲೈನ್ ಬಿದ್ದು ಮತ್ತೆ ಎದ್ದು ಆ ಹೊತ್ತಿನ ಹೊಸ ಸ್ಪೀಡ್.

ಮೋಡೆಮ್ ಪೇಜಲ್ಲಿ ಏನೇನು ಬರ್ಕೋಬೇಕು

192.168.1.1 ಅಥವಾ ನಿಮ್ಮ ಮೋಡೆಮ್ ಅಡಿಯಲ್ಲಿ ಬರೆದಿರೋ ಅಡ್ರೆಸ್ಸಿಗೆ ಹೋಗಿ ಡಿಎಸ್‌ಎಲ್ ಸ್ಟೇಟಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಪೇಜ್ ತೆಗೀರಿ. ಸ್ಪೀಡ್ ಟೆಸ್ಟ್ ವೆಬ್‌ಸೈಟ್ ಆಮೇಲೆ. ಬೇಕಾಗಿರೋದು ಡೌನ್‌ಸ್ಟ್ರೀಮ್ ಸಿಂಕ್ ರೇಟ್ (ಡೌನ್‌ಲೋಡ್ ಕಡೆ ಮೋಡೆಮ್ಮೂ ಎಕ್ಸ್‌ಚೇಂಜೂ ಒಪ್ಕೊಂಡಿರೋ ಸ್ಪೀಡ್), ಡೌನ್‌ಸ್ಟ್ರೀಮ್ ನಾಯ್ಸ್ ಮಾರ್ಜಿನ್ (ಕೆಲವು ಮೋಡೆಮಲ್ಲಿ ಎಸ್‌ಎನ್‌ಆರ್ ಮಾರ್ಜಿನ್), ಲೈನ್ ಅಟೆನ್ಯುಯೇಶನ್ (ತಂತೀಲಿ ಬರುವಾಗ ಸಿಗ್ನಲ್ ಎಷ್ಟು ಸೊರಗತ್ತೆ ಅನ್ನೋದು, ಡಿಬಿಯಲ್ಲಿ), ಸಿಆರ್‌ಸಿ ಎರರ್ ಎಷ್ಟು, ಮತ್ತೆ ಡಿಎಸ್‌ಎಲ್ ಲಿಂಕ್ ಎಷ್ಟು ಹೊತ್ತಿಂದ ಮೇಲಿದೆ ಅನ್ನೋದು. ಕೊನೇದನ್ನ ಸಿಸ್ಟಮ್ ಅಪ್‌ಟೈಮ್ ಜೊತೆ ಕಲಸ್ಕೋಬೇಡಿ, ಮೋಡೆಮ್ ಹತ್ತು ದಿನದಿಂದ ಆನ್ ಇರ್ಬೋದು, ಲಿಂಕ್ ಮಾತ್ರ ಮಧ್ಯಾಹ್ನ ಮೂರಕ್ಕೆ ಬಿದ್ದು ಎದ್ದಿರತ್ತೆ. ಕೆಲವು ಮೋಡೆಮ್ ಮಾರ್ಜಿನ್ನನ್ನ ಹತ್ತರಷ್ಟು ಮಾಡಿ ತೋರ್ಸತ್ತೆ, 62 ಅಂತಿದ್ರೆ ಅದು 6.2 ಡಿಬಿ, ಕುಣಿದಾಡ್ಬೇಡಿ. ಎಫ್‌ಇಸಿ ಅಂತ ಲಕ್ಷಗಟ್ಟಲೆ ಕಾಣ್ಸಿದ್ರೆ ಗಾಬರಿ ಬೇಡ, ಅದು ಸರಿ ಮಾಡ್ಕೊಂಡ ಎರರ್. ಸಿಆರ್‌ಸಿ ಮಾತ್ರ ಸರಿ ಮಾಡೋಕಾಗದೆ ಉಳಿದಿದ್ದು, ಅದೂ ಒಟ್ಟು ನಂಬರ್ ನೋಡಿ ಪ್ರಯೋಜನ ಇಲ್ಲ, ಹತ್ತು ನಿಮಿಷದಲ್ಲಿ ಎಷ್ಟು ಏರ್ತು ಅಂತ ನೋಡಿ.

ಒಂದೇ ಸಲ ನೋಡಿದ್ರೆ ಏನೂ ಗೊತ್ತಾಗಲ್ಲ. ಬೆಳಿಗ್ಗೆ, ಮಧ್ಯಾಹ್ನ, ಕತ್ತಲಾದ್ಮೇಲೆ ಒಂದೊಂದ್ಸಲ, ಎರಡು ದಿನ ಬರ್ಕೊಳಿ. ನನ್ನ ಪುಸ್ತಕದಲ್ಲಿ ಬರ್ದಿದ್ದು ಹೀಗಿತ್ತು:

ಮಧ್ಯಾಹ್ನ: ಸಿಂಕ್ 8912 ಕೆಬಿಪಿಎಸ್, ಮಾರ್ಜಿನ್ 6.2, ಅಟೆನ್ಯುಯೇಶನ್ 41
ಸಂಜೆ ಏಳು: ಸಿಂಕ್ 5184, ಮಾರ್ಜಿನ್ 5.9, ಅಟೆನ್ಯುಯೇಶನ್ 41
ಮಾರನೇ ಬೆಳಿಗ್ಗೆ, ಏನೂ ಮುಟ್ಟದೆ: ಸಿಂಕ್ 5184, ಮಾರ್ಜಿನ್ 14.3, ಅಟೆನ್ಯುಯೇಶನ್ 41

ಮೂರನೇ ಸಾಲು ನೋಡಿ. ಸ್ಪೀಡ್ ಕಮ್ಮೀನೇ ಇದೆ ಆದ್ರೆ ಮಾರ್ಜಿನ್ 14ಕ್ಕೆ ಏರಿದೆ, ಅಂದ್ರೆ ತಂತಿ ಸುಖವಾಗಿದೆ, ಮೋಡೆಮ್ ಮಾತ್ರ ನೆನ್ನೆ ಸಂಜೆಯ ಲೆಕ್ಕದಲ್ಲೇ ಕೂತಿದೆ. ಅಟೆನ್ಯುಯೇಶನ್ ಮೂರೂ ಸಲ 41, ಅಂದ್ರೆ ತಂತಿ ಉದ್ದ, ಜಾಯಿಂಟ್ ಎಲ್ಲ ಇದ್ದಂಗೇ ಇದೆ, ಕೆಟ್ಟಿರೋದು ಗಲಾಟೆ ಮಾತ್ರ. ಲೆಕ್ಕಾನೂ ಕೂಡತ್ತೆ: ನನ್ನ ಲೈನಲ್ಲಿ ಡೌನ್‌ಲೋಡ್ ಕಡೆ 300 ಚಿಲ್ಲರೆ ಟೋನ್ ಕೆಲ್ಸ ಮಾಡ್ತಿತ್ತು, ಟೋನಿಗೆ ಒಂದು ಬಿಟ್ ಅಂದ್ರೆ 1200 ಕೆಬಿಪಿಎಸ್, ಕಳೆದುಕೊಂಡಿದ್ದು 3700 ಚಿಲ್ಲರೆ, ಅಂದ್ರೆ ಟೋನಿಗೆ ಮೂರು ಬಿಟ್, ಅಂದ್ರೆ ಸುಮಾರು 9 ಡಿಬಿ ಗಲಾಟೆ ಸಂಜೆ ಹೊತ್ತು ಎಲ್ಲಿಂದಲೋ ಬರ್ತಿದೆ. ಬೆಳಿಗ್ಗೆ ಅದು ಹೋದಾಗ 6ರ ಮೇಲೆ ಹತ್ತಿರ ಹತ್ತಿರ ಅಷ್ಟೇ ಏರಿದೆ.

ನಿಮ್ಮ ನಂಬರ್ ಇದಕ್ಕಿಂತ ಬೇರೆ ಇದ್ರೆ ದಾರೀನೂ ಬೇರೆ. ಸಿಂಕ್ ಕಮ್ಮಿ, ಮಾರ್ಜಿನ್ 6ರ ಹತ್ರ, ಅಟೆನ್ಯುಯೇಶನ್ ಮುಂಚೆಗಿಂತ ಏರಿದೆ ಅಂದ್ರೆ ತಂತೀಲೇ ದೋಷ, ಜಾಯಿಂಟ್ ಅಥವಾ ಒಂದು ಎಳೆ ಕಟ್ ಆಗಿದೆ. ಗಲಾಟೆ ಇಲ್ಲದ ಹೊತ್ತಲ್ಲಿ ರೀಸಿಂಕ್ (ಲಿಂಕ್ ಕಡಿದು ಮತ್ತೆ ಕನೆಕ್ಟ್) ಮಾಡಿದ ಮೇಲೂ ಮಾರ್ಜಿನ್ 9, 12, 15 ಅಂತ ನಿಂತ್ಕೊಂಡು ಸ್ಪೀಡ್ ಏರ್ತಿಲ್ಲ ಅಂದ್ರೆ ಆ ಕಡೆಯವರ ಸಿಸ್ಟಮ್ ನಿಮ್ಮ ಟಾರ್ಗೆಟ್ ಮಾರ್ಜಿನ್ (ಕನೆಕ್ಟ್ ಆಗೋವಾಗ ಕೈಯಲ್ಲಿ ಇಟ್ಕೋಬೇಕಾದ ಮಾರ್ಜಿನ್) ಏರಿಸಿದೆ, ಇಲ್ಲಾ ಪ್ಲಾನ್ ಮಿತಿ ಅಷ್ಟೇ ಇದೆ. ಸಿಂಕ್ ಚೆನ್ನಾಗಿದೆ, ಡೌನ್‌ಲೋಡ್ ಮಾತ್ರ ತೆವಳ್ತಿದೆ ಅಂದ್ರೆ ಡಿಎಸ್‌ಎಲ್ಲಿಗೆ ಬೈಬೇಡಿ, ಅದು ಬೇರೆ ಕತೆ, ಮೊದಲು ಅದನ್ನೇ ಮುಗಿಸ್ತೀನಿ.

ಸಿಂಕ್ ಸರಿ ಇದೆ, ಸ್ಪೀಡ್ ಇಲ್ಲ

ಸಿಂಕ್ ನಂಬರಷ್ಟು ಸ್ಪೀಡ್ ಯಾವತ್ತೂ ಕೈಗೆ ಸಿಗಲ್ಲ. ಎಡಿಎಸ್‌ಎಲ್ ಮೇಲೆ ಡೇಟಾ ಎಟಿಎಂ ಸೆಲ್ ಅನ್ನೋ 53 ಬೈಟಿನ ಡಬ್ಬಿಗಳಲ್ಲಿ ಹೋಗತ್ತೆ, ಅದರಲ್ಲಿ ಸಾಮಾನು 48 ಬೈಟ್ ಮಾತ್ರ, 5 ಬೈಟ್ ಡಬ್ಬಿ ಮೇಲಿನ ಚೀಟಿ. ಪಿಪಿಪಿಒಇ (ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗೋ ವಿಧಾನ) ಇದ್ರೆ 1492 ಬೈಟಿನ ಒಂದು ಪೂರ್ತಿ ಪ್ಯಾಕೆಟ್ಟಿಗೆ ಸುತ್ತಲಿನ ಹೆಡರ್ ಎಲ್ಲ ಸೇರಿ 32 ಡಬ್ಬಿ ಬೇಕು, ಅಂದ್ರೆ ತಂತಿ ಮೇಲೆ 1696 ಬೈಟ್, ನಿಮ್ಮ ಫೈಲಿಗೆ ಸೇರೋದು 1452. ಶೇಕಡ 85 ಚಿಲ್ಲರೆ. ಹಾಗಾಗಿ 8912 ಸಿಂಕ್ ಇದ್ರೆ ಸ್ಪೀಡ್ ಟೆಸ್ಟಲ್ಲಿ 7.6 ಬಂದ್ರೆ ಅದೇ ಪೂರ್ತಿ ಮಾರ್ಕ್ಸ್. ಡೌನ್‌ಲೋಡ್ ವಿಂಡೋದಲ್ಲಿ ಸೆಕೆಂಡಿಗೆ ಎಂಬಿ ಲೆಕ್ಕದಲ್ಲಿ ತೋರಿಸಿದ್ರೆ ಇನ್ನೊಂದ್ಸಲ 8ರಿಂದ ಭಾಗಿಸಿ, 0.95 ಬರತ್ತೆ, "8 ಕೊಡ್ತೀವಿ ಅಂದು 1 ಕೊಟ್ರು" ಅಂತ ಜಗಳ ತೆಗೆಯೋ ಮುಂಚೆ ಈ ಭಾಗಾಕಾರ ಮಾಡ್ಕೊಳಿ.

ಅದಕ್ಕಿಂತಲೂ ಕಮ್ಮಿ ಅಂದ್ರೆ ಕೇಬಲ್ ಹಾಕಿ ಟೆಸ್ಟ್ ಮಾಡಿ, ವೈಫೈ ಮೇಲೆ ಮಾಡಿದ ಟೆಸ್ಟಿಗೆ ಇಲ್ಲಿ ಬೆಲೆ ಇಲ್ಲ. ಮತ್ತೆ ಯಾರದ್ದಾದ್ರೂ ಫೋನ್ ಫೋಟೋ ಬ್ಯಾಕಪ್ ಮಾಡ್ತಿದ್ಯಾ ನೋಡಿ, ಎಡಿಎಸ್‌ಎಲ್‌ನಲ್ಲಿ ಅಪ್‌ಲೋಡ್ ಓಣಿ ತುಂಬಾ ಕಿರಿದು, ಅದು ತುಂಬಿದ್ರೆ ಡೌನ್‌ಲೋಡಿನ "ತಲುಪಿತು" ಅನ್ನೋ ಸಂದೇಶಗಳೇ ವಾಪಸ್ ಹೋಗೋಕೆ ಜಾಗ ಇಲ್ದೆ ಡೌನ್‌ಲೋಡೂ ಕುಸಿಯತ್ತೆ. ಇದು ಎಷ್ಟು ಸಲ ಆಗತ್ತೆ ಅಂದ್ರೆ ನಾನು ಈಗ ಮೊದಲು ಕೇಳೋದೇ ಇದನ್ನ. ಕೇಬಲ್ಲೂ ಹಾಕಾಯ್ತು, ಅಪ್‌ಲೋಡೂ ಇಲ್ಲ, ರಾತ್ರಿ ಮಾತ್ರ ನಿಧಾನ, ಸಿಂಕ್ ಮಾರ್ಜಿನ್ ಎರಡೂ ಸರಿ ಇದೆ ಅಂದ್ರೆ ಆಚೆ ಕಡೆ ಜನಜಂಗುಳಿ, ನೀವು ಮನೇಲಿ ಏನು ಮಾಡಿದ್ರೂ ಬಗೆಹರಿಯಲ್ಲ.

ಮನೆ ಒಳಗಿನ ತಂತಿ

ಇದೊಂದನ್ನ ಮಾಡ್ದೆ ಕಂಪ್ಲೇಂಟ್ ಕೊಡ್ಬೇಡಿ, ಯಾಕಂದ್ರೆ ಲೈನ್‌ಮನ್ ಬಂದು ಮೊದಲು ಮಾಡೋದೂ ಇದನ್ನೇ. ಹೊರಗಿನ ತಂತಿ ಮನೆಗೆ ಬರೋ ಮೊದಲ ರೊಸೆಟ್ ಬಾಕ್ಸ್ ಹುಡುಕಿ. ಅಲ್ಲಿಂದ ಮುಂದಕ್ಕೆ ಹೋಗಿರೋ ಎಕ್ಸ್‌ಟೆನ್ಷನ್, ಪ್ಯಾರಲಲ್ ಫೋನ್, ಫ್ಯಾಕ್ಸ್, ಅಲಾರಂ, ಸ್ಪ್ಲಿಟರ್ ಎಲ್ಲ ಬಿಚ್ಚಿ, ಮೋಡೆಮನ್ನೇ ಅಲ್ಲಿಗೆ ತಗೊಂಡು ಹೋಗಿ ಚಿಕ್ಕ ಕೇಬಲ್ಲಲ್ಲಿ ನೇರ ಹಾಕಿ. ಪವರ್ರಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಎಳೀಬೇಕಾಗತ್ತೆ, ಎಳೀರಿ, ಅರ್ಧ ಗಂಟೆ ಕೆಲ್ಸ. ನಂಬರ್ ಬರ್ಕೊಳಿ.

ಇಲ್ಲಿ ಸ್ಪೀಡ್ ಒಂದೆರಡು ಎಂಬಿಪಿಎಸ್ ಏರಿದ್ರೆ ದೋಷ ನಿಮ್ಮ ಗೋಡೆ ಒಳಗಿದೆ. ಯಾವ ರೂಮಿಗೋ ಎಳೆದು ಯಾವುದಕ್ಕೂ ಸಿಗಿಸದೆ ಬಿಟ್ಟಿರೋ ತಂತಿ ತುಂಬಾ ಕಾಟ ಕೊಡತ್ತೆ, ಸಿಗ್ನಲ್ ಅದರ ತುದಿ ತನಕ ಹೋಗಿ ತಿರುಗಿ ಬಂದು ಮೂಲ ಸಿಗ್ನಲ್ಲಿಗೇ ಅಡ್ಡ ಬೀಳತ್ತೆ. ಮೋಡೆಮಲ್ಲಿ ಟೋನ್‌ವಾರು ಬಿಟ್ ಗ್ರಾಫ್ ಇದ್ರೆ ಚೆನ್ನಾಗಿರೋ ಲೈನ್ ಗುಡ್ಡದ ಬೆನ್ನಿನ ಥರ ನುಣ್ಣಗೆ ಇಳೀತಾ ಹೋಗತ್ತೆ, ಇಂಥ ಕವಲು ತಂತಿ ಇದ್ರೆ ಮಧ್ಯೆ ಅಗಲವಾದ ತಗ್ಗುಗಳು ಕಾಣ್ಸತ್ತೆ. ಬಿಚ್ಚಿ ನೋಡಿ, ತಗ್ಗು ಮಾಯ ಆಗತ್ತೆ. ಫಿಲ್ಟರ್ (ಫೋನ್ ಮಾತನ್ನೂ ಡಿಎಸ್‌ಎಲ್ ಸಿಗ್ನಲ್ಲನ್ನೂ ಬೇರೆ ಇಡೋ ಸಣ್ಣ ಡಬ್ಬಿ) ಹಾಕ್ದೇ ಇರೋ ಒಂದೇ ಒಂದು ಫೋನ್ ಇದ್ರೂ ಸಾಕು, ರಿಸೀವರ್ ಎತ್ತಿದ ತಕ್ಷಣ ಮಾರ್ಜಿನ್ ಕುಸಿಯತ್ತೆ. ಫಿಲ್ಟರೂ ಹಾಳಾಗತ್ತೆ, ಇನ್ನೊಂದು ಹಾಕಿ ನೋಡೋದೇ ಸುಲಭದ ಟೆಸ್ಟು. ಮೋಡೆಮಿಗೆ ಹೋಗೋ ಹತ್ತು ಮೀಟರಿನ ಚಪ್ಪಟೆ ಕೇಬಲ್ ಇದ್ರೆ ಅದನ್ನೂ ತೆಗೀರಿ, ತಿರುಚದ ಜೋಡಿ ತಂತಿ ಅಂದ್ರೆ ಏರಿಯಲ್ ಇದ್ದಂಗೆ.

ಮೊದಲ ಬಾಕ್ಸಲ್ಲೂ ನಂಬರ್ ಅಷ್ಟೇ ಅಂದ್ರೆ ಮನೆ ತಂತಿ ನಿರ್ದೋಷಿ. ನಂದು ಅಷ್ಟೇ ಇತ್ತು.

ಕತ್ತಲಾದ್ಮೇಲೆ ಬರೋ ಗಲಾಟೆ

ಎಲ್ಲ ಡಿಎಸ್‌ಎಲ್ ಲೈನಲ್ಲೂ ಸಂಜೆ ಮಾರ್ಜಿನ್ ಸ್ವಲ್ಪ ಇಳಿಯತ್ತೆ, ಇದು ದೋಷ ಅಲ್ಲವೇ ಅಲ್ಲ. ಮೀಡಿಯಂ ವೇವ್ ರೇಡಿಯೋ 526ರಿಂದ 1606 ಕಿಲೋಹರ್ಟ್ಸ್ ತನಕ ಇರತ್ತಲ್ಲ, ಅದು ನೇರವಾಗಿ ಎಡಿಎಸ್‌ಎಲ್ಲಿನ ಡೌನ್‌ಲೋಡ್ ಓಣಿಗಳ ಮೇಲೇ ಕೂತಿದೆ. ಹಗಲಲ್ಲಿ ವಾತಾವರಣದ ಮೇಲಿನ ಒಂದು ಪದರ ದೂರದ ಸ್ಟೇಷನ್‌ಗಳ ಸಿಗ್ನಲ್ಲನ್ನ ನುಂಗ್ಕೊಳತ್ತೆ, ಸೂರ್ಯ ಮುಳುಗಿದ್ಮೇಲೆ ಆ ಪದರ ಕರಗಿ ಸಾವಿರಾರು ಕಿಲೋಮೀಟರ್ ಆಚೆಯ ಸ್ಟೇಷನ್ನೂ ಬಂದು ನಿಮ್ಮ ಟೆಲಿಫೋನ್ ತಂತಿ ಮೇಲೆ ಇಳಿಯತ್ತೆ. ರಾತ್ರಿ ಟ್ರಾನ್ಸಿಸ್ಟರ್ ತಿರುಗಿಸಿದ್ರೆ ಹಗಲಲ್ಲಿ ಇಲ್ಲದ ಭಾಷೆಗಳೆಲ್ಲ ಕೇಳ್ಸತ್ತಲ್ಲ, ಅದೇ. ಬಿಟ್ ಗ್ರಾಫಲ್ಲಿ ಸೂಜಿ ಚುಚ್ಚಿದಂಗೆ ಕಿರಿದಾದ ಗುಂಡಿ ಕಂಡ್ರೆ ಟೋನ್ ನಂಬರನ್ನ 4.3125ರಿಂದ ಗುಣಿಸಿ ನೋಡಿ, 167ನೇ ಟೋನ್ ಅಂದ್ರೆ 720 ಕಿಲೋಹರ್ಟ್ಸ್, ಅಲ್ಲಿಗೆ ರೇಡಿಯೋ ತಿರುಗಿಸಿದ್ರೆ ಯಾರೋ ಮಾತಾಡ್ತಿರ್ತಾರೆ. ನನಗೆ ಇದು ಮೊದಲ ಸಲ ಕೂಡಿ ಬಂದಾಗ ದೋಷ ಮರೆತು ಅರ್ಧ ಗಂಟೆ ಗುಂಡಿ ಎಣಿಸ್ತಾ ಕೂತಿದ್ದೆ.

ಇದರಿಂದ ಬೀಳೋದು ಸಾಮಾನ್ಯವಾಗಿ ಒಂದೆರಡು ಡಿಬಿ. 9 ಡಿಬಿ ಬೀಳ್ತಿದೆ ಅಂದ್ರೆ ಹತ್ತಿರದಲ್ಲೇ ಯಾವುದೋ ಎಲೆಕ್ಟ್ರಿಕ್ ಸಾಮಾನು ಹಲ್ಲು ಕಡೀತಿದೆ. ಇದಕ್ಕೆ ಬೇಕಾಗಿರೋ ಸಾಧನ ಬ್ಯಾಟರಿ ಮೇಲೆ ನಡೆಯೋ ಹಳೇ ಮೀಡಿಯಂ ವೇವ್ ಟ್ರಾನ್ಸಿಸ್ಟರ್. ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ಮುಳ್ಳು ಇಟ್ಟು ವಾಲ್ಯೂಮ್ ಏರಿಸಿ, ಬರೀ ಹಿಸ್ ಅಂತಿರ್ಬೇಕು. ಅದನ್ನ ಹಿಡ್ಕೊಂಡು ಮೋಡೆಮಿಂದ ಶುರು ಮಾಡಿ ಒಂದೊಂದು ಪ್ಲಗ್ಗಿನ ಹತ್ರ ಹೋಗಿ. ಚಾರ್ಜರ್, ಎಲ್‌ಇಡಿ ಬಲ್ಬ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್, ಯುಪಿಎಸ್, ಡಿಮ್ಮರ್, ಎಲ್ಲ ಕರೆಂಟನ್ನ ಬೇಗ ಬೇಗ ಆನ್ ಆಫ್ ಮಾಡ್ತಾ ನಡೆಯೋ ಸಾಮಾನು, ಹತ್ರ ಇಟ್ರೆ ಎಲ್ಲ ಸ್ವಲ್ಪ ಗೊಣಗತ್ತೆ. ಒಂದು ಮೀಟರ್ ದೂರದಿಂದಲೇ ಜೋರಾಗಿ ಗುಂಯ್ ಅನ್ನೋದು ಕಳ್ಳ.

ನಮ್ಮನೇಲಿ ಸಂಜೆ ಆರೂಮುಕ್ಕಾಲಿಗೆ ರೇಡಿಯೋ ಹಿಡ್ಕೊಂಡು ಹೊರಟೆ. ಫ್ರಿಜ್ ಮೇಲೆ ಅನುಮಾನ ಇತ್ತು, ಸುಮ್ಮನಿತ್ತು. ಟಿವಿ ಸುಮ್ಮನಿತ್ತು. ಓದೋ ಟೇಬಲ್ ದಾಟುವಾಗ ಕೈಯಲ್ಲಿದ್ದ ರೇಡಿಯೋ ಜೀರುಂಡೆ ಹಿಂಡು ಹೊಕ್ಕಂಗೆ ಅರಚ್ಕೊಳ್ತು. ಟೇಬಲ್ ಲ್ಯಾಂಪಿನ ಅಡಾಪ್ಟರ್, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ದಿನಾ ಕತ್ತಲಾಗೋ ಹೊತ್ತಿಗೆ ಹಾಕೋದು, ಮಲಗೋವಾಗ ತೆಗೆಯೋದು, ಅದರ ಬೆನ್ನ ಹಿಂದೇನೇ ಟೆಲಿಫೋನ್ ತಂತಿ ಗೋಡೆ ಮೇಲೆ ಹಾದು ಹೋಗಿದೆ. ಪ್ಲಗ್ ಕಿತ್ತೆ, ರೇಡಿಯೋ ಹಿಸ್ ಅಂತ ಸುಮ್ಮನಾಯ್ತು, ಮೋಡೆಮ್ ಪೇಜ್ ರಿಫ್ರೆಶ್ ಮಾಡಿದ್ರೆ ಮಾರ್ಜಿನ್ 5.9 ಇದ್ದಿದ್ದು 13 ಚಿಲ್ಲರೆ. ಮತ್ತೆ ಹಾಕಿದೆ, ಬಿತ್ತು. ಮೂರು ಸಲ ಹಾಕಿ ತೆಗೆದೆ, ಮೂರು ಸಲವೂ ಅದೇ. ಗುಡ್ಡ ಅಗೆದು ಇಲಿ ಹಿಡಿದಂಗಾಯ್ತು, ಆದ್ರೆ ಎರಡು ತಿಂಗಳು ಕಾಡಿದ ಇಲಿ.

ನಿಮ್ಮನೇಲೇ ಇರ್ಬೇಕು ಅಂತಿಲ್ಲ, ಪಕ್ಕದ ಮನೇದೂ ಆಗ್ಬೋದು. ಅದನ್ನ ಗೊತ್ತು ಮಾಡ್ಕೊಳೋಕೆ ಮೋಡೆಮನ್ನ ಯುಪಿಎಸ್ಸೋ ಬ್ಯಾಟರಿ ಮೇಲೋ ಓಡಿಸಿ ಮನೆಯ ಮೇನ್ ಸ್ವಿಚ್ ಇಳಿಸಿ ಮಾರ್ಜಿನ್ ನೋಡಿ (ಯುಪಿಎಸ್ಸೇ ಗಲಾಟೆ ಮಾಡ್ಬೋದು, ಅದನ್ನ ಮೊದಲು ರೇಡಿಯೋದಲ್ಲಿ ಪರೀಕ್ಷೆ ಮಾಡ್ಕೊಳಿ). ವೇಲ್ಸಿನ ಅಬರ್‌ಹೋಸನ್ ಅನ್ನೋ ಹಳ್ಳೀಲಿ ಹದಿನೆಂಟು ತಿಂಗಳು ದಿನಾ ಬೆಳಿಗ್ಗೆ ಏಳಕ್ಕೆ ಊರಿಡೀ ಬ್ರಾಡ್‌ಬ್ಯಾಂಡ್ ಬೀಳ್ತಿತ್ತು, ಕೇಬಲ್ಲೆಲ್ಲ ಬದಲಾಯಿಸಿ ನೋಡಿದ್ರೂ ಹೋಗ್ಲಿಲ್ಲ, ಕೊನೆಗೆ ಅಲ್ಲಿನ ಟೆಲಿಫೋನ್ ತಂತಿ ನೋಡ್ಕೊಳೋ ಓಪನ್‌ರೀಚ್ ಕಂಪನಿ ಎಂಜಿನಿಯರ್‌ಗಳು ಬೆಳಗಿನ ಜಾವ ಜಡಿಮಳೇಲಿ ಸ್ಪೆಕ್ಟ್ರಮ್ ಅನಲೈಸರ್ ಹಿಡ್ಕೊಂಡು ಬೀದಿ ಬೀದಿ ಸುತ್ತಿ ಹಿಡಿದಿದ್ದು ಒಬ್ಬರ ಮನೆಯ ಹಳೇ ಟಿವಿ. ಅವರು ದಿನಾ ಏಳಕ್ಕೆ ಟಿವಿ ಆನ್ ಮಾಡ್ತಿದ್ರು ಅಷ್ಟೇ. 2020ರಲ್ಲಿ ಸುದ್ದಿ ಆಗಿತ್ತು. ಒಂದೇ ಹೊತ್ತಿಗೆ ಬೀಳೋ ಲೈನ್ ಅಂದ್ರೆ ಮನುಷ್ಯರ ಅಭ್ಯಾಸ ಹುಡುಕಿ, ತಂತಿ ಆಮೇಲೆ.

ಕೆಲವು ಸಲ ಮಾರ್ಜಿನ್ ದಿನದಿಂದ ದಿನಕ್ಕೆ ಏನೂ ಕಾರಣ ಇಲ್ದೆ ಇಳಿದು ಅಲ್ಲೇ ನಿಲ್ಲತ್ತೆ, ಹೊತ್ತಿಗೂ ಸಂಬಂಧ ಇಲ್ಲ. ಅದು ಒಂದೇ ಕೇಬಲ್ಲಿನ ಪಕ್ಕದ ಜೋಡಿಗಳಲ್ಲಿ ಹೊಸ ಡಿಎಸ್‌ಎಲ್ ಕನೆಕ್ಷನ್ ಬಂದಿರೋದು, ಕ್ರಾಸ್‌ಟಾಕ್ ಅಂತಾರೆ. ಅದಕ್ಕೆ ಮದ್ದಿಲ್ಲ, ಎಡಿಎಸ್‌ಎಲ್‌ನಲ್ಲಂತೂ ಇಲ್ಲ, ಒಪ್ಕೊಂಡು ಬಿಡಿ.

ತಂತೀಲೇ ದೋಷ ಇದ್ರೆ

ಅಟೆನ್ಯುಯೇಶನ್ ಏರಿದ್ರೆ, ಮಳೆ ಬಂದಾಗ ಮಾತ್ರ ಬಿದ್ರೆ, ಫೋನಲ್ಲಿ ಕರಕರ ಶಬ್ದ ಇದ್ರೆ ಜಾಯಿಂಟ್ ಮೇಲೆ ಅನುಮಾನ ಪಡಿ. ರಿಸೀವರ್ ಎತ್ತಿ ಒಂದು ನಂಬರ್ ಒತ್ತಿದ್ರೆ ಡಯಲ್ ಟೋನ್ ನಿಲ್ಲತ್ತೆ, ಆ ನಾಲ್ಕೈದು ಸೆಕೆಂಡ್ ಕಿವಿಗೊಟ್ಟು ಕೇಳಿ, ನಿಶ್ಶಬ್ದ ಇರ್ಬೇಕು. ಆಮೇಲೆ ಮೊಬೈಲಿಂದ ಲ್ಯಾಂಡ್‌ಲೈನಿಗೆ ಕಾಲ್ ಮಾಡಿ ಮೋಡೆಮಿನ ಡಿಎಸ್‌ಎಲ್ ಲೈಟ್ ನೋಡ್ತಾ ನಿಂತ್ಕೊಳಿ. ರಿಂಗ್ ಆದ ತಕ್ಷಣ ಲೈಟ್ ಮಿಣುಕೋಕೆ ಶುರು ಆದ್ರೆ ಎಲ್ಲೋ ಒಂದು ಕಿಲುಬು ಹಿಡಿದ ಜಾಯಿಂಟ್ ಇದೆ, ಇಲ್ಲಾ ಫಿಲ್ಟರ್ ಹೋಗಿದೆ. ಇನ್ನೊಂದು ವಿಚಿತ್ರ ಏನಂದ್ರೆ ಫೋನಲ್ಲಿ ಮಾತಾಡ್ತಿರೋ ತನಕ ಇಂಟರ್ನೆಟ್ ಚೆನ್ನಾಗಿರತ್ತೆ, ಫೋನ್ ಇಟ್ಟ ಮೇಲೆ ಕೆಡತ್ತೆ. ಮಾತಾಡುವಾಗ ಹರಿಯೋ ಕರೆಂಟು ಆ ಕಿಲುಬನ್ನ ದಾಟಿ ಜಾಯಿಂಟನ್ನ ತಾತ್ಕಾಲಿಕವಾಗಿ ಕೂಡಿಸತ್ತೆ, ಕಸ್ಟಮರ್ ಕೇರಲ್ಲಿ ಇದನ್ನ ಹೇಳಿದ್ರೆ ನಗ್ತಾರೆ, ಲೈನ್‌ಮನ್ ಮಾತ್ರ ತಲೆ ಆಡಿಸ್ತಾರೆ.

ಡಯಲ್ ಟೋನೇ ಇಲ್ಲ, ಇಂಟರ್ನೆಟ್ ಮಾತ್ರ ಕುಂಟ್ತಾ ಬರ್ತಿದೆ ಅಂದ್ರೆ ಜೋಡೀಲಿ ಒಂದು ಎಳೆ ಕಟ್. ಒಂದೇ ಎಳೆ ಮೇಲೂ ಡಿಎಸ್‌ಎಲ್ ಎಷ್ಟೋ ಸಲ ಸಿಂಕ್ ಆಗತ್ತೆ, ಅಟೆನ್ಯುಯೇಶನ್ ಆಕಾಶಕ್ಕೆ ಹೋಗಿರತ್ತೆ, ಸ್ಪೀಡ್ ಪಾತಾಳ. ಇದು ರೇಟ್ ಅಡಾಪ್ಟಿವ್ ಲೈನಿನ ಒಳ್ಳೇತನವೇ ಕೆಟ್ಟದ್ದಾಗೋ ಜಾಗ, ಫಿಕ್ಸೆಡ್ ರೇಟ್ ಆಗಿದ್ರೆ ಪೂರ್ತಿ ಬಿದ್ದು ದೋಷ ಗೊತ್ತಾಗ್ತಿತ್ತು, ಇದು ಹೇಗೋ ಅಡ್ಜಸ್ಟ್ ಮಾಡ್ಕೊಂಡು ತಿಂಗಳುಗಟ್ಟಲೆ ನಡೆಸತ್ತೆ, ನೀವು ಕಂಪನೀನ ಬೈತಿರ್ತೀರಿ.

ರೀಬೂಟಿಗೆ ತೆತ್ತ ದಂಡ

ಅಡಾಪ್ಟರ್ ಬದಲಾಯಿಸಿ ಮಾರನೇ ಬೆಳಿಗ್ಗೆ ಖುಷಿಯಾಗಿ ಒಂದ್ಸಲ ರೀಸಿಂಕ್ ಮಾಡಿದೆ, 8.9 ಬರತ್ತೆ ಅಂತ. ಬಂದಿದ್ದು 7.7. ಮಾರ್ಜಿನ್ ನೋಡಿದ್ರೆ 9.1. ಅಂದ್ರೆ 6ರ ಬದಲು 9 ಇಟ್ಕೊಂಡು ಕೂತಿದೆ, 3 ಡಿಬಿ, ಟೋನಿಗೆ ಒಂದು ಬಿಟ್, 1200 ಕೆಬಿಪಿಎಸ್, ಲೆಕ್ಕ ಚಾಚೂ ತಪ್ಪಿಲ್ಲ.

ಆಗಿದ್ದೇನು ಅಂದ್ರೆ ಎಷ್ಟೋ ಕಂಪನಿಗಳಲ್ಲಿ ಲೈನ್‌ಗಳನ್ನ ಕಾಯೋಕೆ ಒಂದು ಆಟೋಮ್ಯಾಟಿಕ್ ಸಿಸ್ಟಮ್ ಇರತ್ತೆ, ಡಿಎಲ್‌ಎಂ. ನಿಮ್ಮ ಲೈನ್ ದಿನಕ್ಕೆ ಎಷ್ಟು ಸಲ ಬಿತ್ತು, ಎಷ್ಟು ಎರರ್ ಬಂತು ಅಂತ ಎಣಿಸ್ತಿರತ್ತೆ, ಜಾಸ್ತಿ ಆದ್ರೆ "ಪಾಪ ಈ ಲೈನ್ ತಡ್ಕೊಳ್ತಿಲ್ಲ" ಅಂತ ಟಾರ್ಗೆಟ್ ಮಾರ್ಜಿನ್ನನ್ನ 6ರಿಂದ 9, 9ರಿಂದ 12 ಅಂತ ಏರಿಸತ್ತೆ, ಇಲ್ಲಾ ಇಂಟರ್‌ಲೀವಿಂಗ್ (ಡೇಟಾ ತುಣುಕುಗಳನ್ನ ಹರಡಿ ಕಲಸಿ ಕಳಿಸೋದು) ಹಾಕತ್ತೆ, ಅದರಿಂದ ಎರರ್ ಕಮ್ಮಿ ಆಗತ್ತೆ ಆದ್ರೆ ಪಿಂಗ್ ಏರತ್ತೆ, ಆನ್‌ಲೈನ್ ಗೇಮ್ ಆಡೋರಿಗೆ ತಕ್ಷಣ ಗೊತ್ತಾಗೋದು ಇದೇ. ನೀವು ಪ್ಲಗ್ ಕಿತ್ತಿದ್ದಕ್ಕೂ ಲೈನ್ ತಾನಾಗಿ ಬಿದ್ದಿದ್ದಕ್ಕೂ ವ್ಯತ್ಯಾಸ ಅದಕ್ಕೆ ಎಲ್ಲಾ ಸಲ ತಿಳಿಯಲ್ಲ. ನನ್ನ ದಿನಕ್ಕೆ ಐದಾರು ರೀಬೂಟ್ ಎಲ್ಲ ಅದರ ಖಾತೆಯಲ್ಲಿ ದೋಷ ಅಂತಲೇ ಜಮಾ ಆಗಿತ್ತು. ಕೆಲವು ನೆಟ್‌ವರ್ಕಲ್ಲಿ ಇದರ ಮೇಲೆ ಇನ್ನೊಂದು ಬ್ರಾಸ್ ಪ್ರೊಫೈಲ್ ಅಂತಲೂ ಇರತ್ತೆ, ಸಿಂಕ್ ನೋಡಿ ನಿಮ್ಮ ಡೇಟಾ ಸ್ಪೀಡಿಗೆ ಕಂಪನಿ ಕಡೆ ಹಾಕೋ ಮಿತಿ, ಸಿಂಕ್ ಬಿದ್ರೆ ಅದು ಬೇಗ ಬೀಳತ್ತೆ, ಸಿಂಕ್ ಏರಿದ್ರೆ ಏರೋಕೆ ದಿನಗಟ್ಟಲೆ ತಗೊಳತ್ತೆ. ಸಿಂಕ್ 7 ಇದ್ದು ಸ್ಪೀಡ್ ಟೆಸ್ಟ್ ಪ್ರತೀ ಸಲ ಒಂದೇ ಗೆರೆಯಲ್ಲಿ 2ಕ್ಕೆ ನಿಂತ್ರೆ ಅನುಮಾನ ಇದರ ಮೇಲೆ ಇರ್ಲಿ.

ಮದ್ದು ಅಂದ್ರೆ ಮುಟ್ಟದೆ ಬಿಡೋದು. ರಾತ್ರಿ ಮಲಗುವಾಗ ಮೋಡೆಮ್ ಆಫ್ ಮಾಡೋ ಅಭ್ಯಾಸ ಇದ್ರೆ ಅದನ್ನೂ ಬಿಡಿ, ಬಿಡೋಕಾಗಲ್ಲ ಅಂದ್ರೆ ದಿನಕ್ಕೆ ಒಂದೇ ಸಲ, ಬೆಳಕಿರುವಾಗ. ನಾನು ಹದಿನೈದು ದಿನ ಕೈಕಟ್ಟಿ ಕೂತೆ, ಲಿಂಕ್ ಒಂದ್ಸಲವೂ ಬೀಳ್ಲಿಲ್ಲ, ಸಂಜೆ ಮಾರ್ಜಿನ್ ಒಂದೂವರೆ ಡಿಬಿಗಿಂತ ಜಾಸ್ತಿ ಇಳೀಲಿಲ್ಲ, ಆದ್ರೂ ಟಾರ್ಗೆಟ್ ತಾನಾಗಿ ಇಳೀಲಿಲ್ಲ, ಕೊನೆಗೆ ಫೋನ್ ಮಾಡಿ ಪ್ರೊಫೈಲ್ ರೀಸೆಟ್ ಕೇಳಿದೆ.

ಆ ಫೋನ್ ಮಾಡುವಾಗ "ಇಂಟರ್ನೆಟ್ ಸ್ಲೋ ಇದೆ" ಅಂತ ಶುರು ಮಾಡ್ಬೇಡಿ, ಅವರು "ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸಾರ್" ಅಂತಾನೇ ಶುರು ಮಾಡ್ತಾರೆ. ಅಟೆನ್ಯುಯೇಶನ್ ಇಷ್ಟು, ಸಿಂಕ್ ಮುಂಚೆ ಇಷ್ಟಿತ್ತು ಈಗ ಇಷ್ಟು, ಮಾರ್ಜಿನ್ 9ಕ್ಕೆ ನಿಂತಿದೆ, ಮೊದಲ ಬಾಕ್ಸಲ್ಲಿ ನೇರ ಹಾಕಿ ನೋಡಿದ್ದೀನಿ, ಲಿಂಕ್ ಹದಿನೈದು ದಿನದಿಂದ ಬಿದ್ದಿಲ್ಲ, ಟಾರ್ಗೆಟ್ ಮಾರ್ಜಿನ್ 6ಕ್ಕೆ ಇಳಿಸಿ ಅಂತ ಹೇಳಿ. ನನಗೆ ಫೋನ್ ಎತ್ತಿದ ಮೊದಲನೇಯವರಿಗೆ ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೆ ಹೇಳಿದ್ದನ್ನ ಹಾಗೇ ಟಿಕೆಟಲ್ಲಿ ಬರ್ಕೊಂಡ್ರು, ಮಾರನೇ ದಿನ ಎಕ್ಸ್‌ಚೇಂಜಿಂದ ಒಬ್ರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು, "ಗಲಾಟೆ ಏನಾಗಿತ್ತು, ಸಿಕ್ತಾ?" ಲ್ಯಾಂಪ್ ಅಡಾಪ್ಟರ್ ಅಂದೆ. "ಹ್ಞಾಂ" ಅಂದ್ರು, ಮೋಡೆಮ್ ಲೈಟ್ ಒಂದ್ಸಲ ಆರಿ ಹತ್ತಿಕೊಳ್ತು, 8864.